ಲಂಡನ್‌ನಿಂದ ಪ್ಯಾರಿಸ್‌ಗೆ, ಮೂರು ದಿನದ ಮಟ್ಟಿಗೆ

ಫ್ರಾನ್ಸ್ ಶುರುವಾಗುವುದು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲೇ. ಯೂರೋಸ್ಟಾರ್ ರೈಲಿನ ಟಿಕೆಟ್ ಸ್ಕ್ಯಾನ್ ಮಾಡಿಸಿ, ಬ್ಯಾಗ್ ತಪಾಸಣೆ ಮುಗಿಸಿ ಮುಂದೆ ಹೋದರೆ ಕಿಟಕಿಯ ಆಚೆ ಕೂತಿರುವವರು ಫ್ರೆಂಚ್ ಗಡಿ ಪೊಲೀಸರು. ದಿನಗಳ ಲೆಕ್ಕವೂ ಇಲ್ಲಿಂದಲೇ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮರಳಿದರೆ ಎರಡಲ್ಲ, ಮೂರು ದಿನ. ಹೋದ ದಿನ, ಬಂದ ದಿನ ಎರಡೂ ಸೇರುತ್ತವೆ.

ಬ್ರಿಟನ್ನಿನ ವೀಸಾ, ಅಷ್ಟೇಕೆ ಅಲ್ಲಿ ಕಾಯಂ ನೆಲೆಸುವ ಅನುಮತಿಯೇ ಇದ್ದರೂ ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ, ಬೇಕೇ ಬೇಕು. ಅರ್ಜಿಯನ್ನು ಹೊರಡುವ ಆರು ತಿಂಗಳ ಮೊದಲಿನಿಂದ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಿರಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆಗೆ ಹೋದರೆ 45 ದಿನದವರೆಗೂ ಎಳೆಯುತ್ತದೆ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟವಿರಬೇಕು, ಮರಳುವ ದಿನದಿಂದ ಇನ್ನೂ ಮೂರು ತಿಂಗಳ ಅವಧಿ ಉಳಿದಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು. ಇಡೀ ಷೆಂಗೆನ್ ಪ್ರದೇಶಕ್ಕೆ, ಅಲ್ಲಿರುವ ಅಷ್ಟೂ ದಿನಕ್ಕೆ ಅನ್ವಯಿಸಬೇಕು.

ಪ್ಯಾರಿಸ್‌ನಲ್ಲಿ ನೆಂಟರ ಮನೆಯಲ್ಲಿ ಇಳಿದುಕೊಳ್ಳುವವರು ಹೆಚ್ಚಿನ ಸಮಯ ಇಟ್ಟುಕೊಳ್ಳಬೇಕು. ನೆಂಟರು ಬರೆದುಕೊಟ್ಟ ಪತ್ರ ಸಾಲದು. 'ಅತೆಸ್ತಾಸಿಯೋಂ ದಕೈ' (ಆತಿಥ್ಯದ ದೃಢೀಕರಣ) ಎಂಬ ದಾಖಲೆಯನ್ನು ಅವರೇ ತಮ್ಮ ಊರಿನ ಪುರಸಭೆ ಕಚೇರಿಯಲ್ಲಿ ಪಡೆದು, ಮೂಲ ಪ್ರತಿಯನ್ನೇ ಅರ್ಜಿದಾರರಿಗೆ ಕಳಿಸಬೇಕು. ಇದು ಅಂಚೆಯಲ್ಲಿ ಬರುವಷ್ಟರಲ್ಲಿ ವೀಸಾ ಅಪಾಯಿಂಟ್‌ಮೆಂಟ್ ದಿನ ದಾಟಿಹೋಗಬಹುದು. ಮೂರೇ ದಿನದ ಪ್ರವಾಸಕ್ಕಾದರೆ ಹೋಟೆಲ್ ಬುಕಿಂಗ್ ವಾಸಿ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಸ್ಟಿಕ್ಕರನ್ನು ಸಾಲು ಸಾಲಾಗಿ ಓದಿ. ಭಾಷೆ ಫ್ರೆಂಚ್. 'ದ್ಯು', 'ಓ' ಎಂಬುದರ ಮುಂದೆ ಇರುವವು ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ತಾರೀಖುಗಳು. 'ದ್ಯುರೇ' ಎಂದಿರುವಲ್ಲಿ ದಿನಗಳ ಸಂಖ್ಯೆ. ಎಡವುವುದು ಇಲ್ಲೇ. ಒಂದೇ ಪ್ರವೇಶದ ವೀಸಾಗೆ ವಾಸದ ದಿನಗಳ ಮೇಲೆ 15 ದಿನ ರಿಯಾಯಿತಿ ಸೇರಿಸಿ ತಾರೀಖು ಹಾಕುವುದು ವಾಡಿಕೆ. ರೈಲು ತಪ್ಪಿದರೆ, ಪ್ರಯಾಣ ಮುಂದೆ ಹೋದರೆ ಇರಲಿ ಎಂದು. ಹಾಗಾಗಿ ಐದು ದಿನದ ವೀಸಾದ ಕೊನೆಯ ತಾರೀಖು ಎರಡು ವಾರಕ್ಕೂ ಆಚೆ ಕಾಣುತ್ತದೆ. ಅದನ್ನು ನಂಬಿ ಆರನೇ ದಿನವೂ ಉಳಿದರೆ ಅವಧಿ ಮೀರಿದಂತೆಯೇ. 'ಆಂತ್ರೇ' ಎಂಬುದರ ಮುಂದೆ 01 ಇದ್ದರೆ ಲಂಡನ್‌ಗೆ ಮರಳಿದ ಕ್ಷಣ ಅದು ಮುಗಿಯಿತು. ಮುಂದಿನ ವಾರ ಬ್ರಸೆಲ್ಸ್‌ಗೆ ಹೋಗಲು ಹೊಸ ವೀಸಾ. ಅದೇ ಪ್ಯಾರಿಸ್‌ನಿಂದ ನೇರ ಬ್ರಸೆಲ್ಸ್‌ಗೆ ಹೋಗಿಬಂದರೆ ತೊಂದರೆಯಿಲ್ಲ, ಎರಡೂ ಷೆಂಗೆನ್ ಒಳಗೇ ಇವೆ. 'ಮಲ್ಟ್' ಎಂದಿದ್ದರೆ ಎಷ್ಟು ಸಲವಾದರೂ ಸರಿ, ಸ್ಟಿಕ್ಕರಿನಲ್ಲಿರುವ ದಿನಗಳಷ್ಟು. ಗರಿಷ್ಠವೆಂದರೆ ಯಾವುದೇ 180 ದಿನಗಳಲ್ಲಿ 90.

ಮೊದಲು ಪಾಸ್‌ಪೋರ್ಟಿಗೆ ಬೀಳುತ್ತಿದ್ದ ಮುದ್ರೆಯಲ್ಲಿ ಒಂದು ಪುಟ್ಟ ರೈಲಿನ ಚಿತ್ರ, ಒಂದು ಬಾಣ ಇರುತ್ತಿದ್ದವು. ಒಳಬಂದದ್ದಕ್ಕೆ ಚೂಪು ಮೂಲೆಯ ಆಯತ, ಹೊರಹೋದದ್ದಕ್ಕೆ ದುಂಡು ಮೂಲೆ. ಇದರ ಜಾಗಕ್ಕೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದದ್ದು ಪ್ರವೇಶ-ನಿರ್ಗಮನದ ಡಿಜಿಟಲ್ ದಾಖಲೆ. ಒಂದು ದಿನ ಮೀರಿದರೂ ಕಂಪ್ಯೂಟರ್ ತಾನೇ ಎಣಿಸಿ ಹೇಳುತ್ತದೆ.

ಮರಳುವಾಗ ಗಾರ್ ದ್ಯು ನೋರ್ ನಿಲ್ದಾಣದಲ್ಲಿ ಮೊದಲು ಫ್ರೆಂಚರು, ಆಮೇಲೆ ಬ್ರಿಟಿಷರು. ಪಾಸ್‌ಪೋರ್ಟನ್ನು ಯಂತ್ರವೇ ಪರಿಶೀಲಿಸುವ ಇ-ಗೇಟ್ ಭಾರತದ ಪಾಸ್‌ಪೋರ್ಟಿಗೆ ಇಲ್ಲದ್ದರಿಂದ ಅಧಿಕಾರಿಯ ಸಾಲಿನಲ್ಲೇ ನಿಲ್ಲಬೇಕು, ಬೇಗ ಹೋಗಿ. ಬ್ರಿಟನ್ನಿನ ವಾಸದ ಕಾರ್ಡುಗಳು 2024ರ ಕೊನೆಗೆ ಮುಗಿದು ಈಗ ಇ-ವೀಸಾ ಇದೆ. ಪಾಸ್‌ಪೋರ್ಟ್ ನವೀಕರಿಸಿದವರು ಹೊಸ ಸಂಖ್ಯೆಯನ್ನು ತಮ್ಮ ಇ-ವೀಸಾ ಖಾತೆಗೆ ಸೇರಿಸದಿದ್ದರೆ ಅಲ್ಲಿ ಅನುಮತಿ ಕಾಣಿಸದೆ ತಡೆಯಬಹುದು. ಮನೆ ಬಿಡುವ ಮೊದಲೇ ಅದನ್ನು ಸರಿಪಡಿಸಿ. ಷೆಂಗೆನ್ ಸ್ಟಿಕ್ಕರ್ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಎರಡನ್ನೂ ಒಯ್ಯಬೇಕು.

ಊಟದ ಡಬ್ಬಿಯ ಮಾತೂ ಇದೆ. ಹೋಗುವಾಗ ತುಪ್ಪ, ಪನೀರ್, ಮೊಸರು ಫ್ರಾನ್ಸ್ ಒಳಗೆ ಬಿಡುವುದಿಲ್ಲ. ಬರುವಾಗ ಪ್ಯಾರಿಸ್‌ನ ಚೀಸ್ ಕೂಡ 2025ರ ಏಪ್ರಿಲ್ 12ರಿಂದ ಬ್ರಿಟನ್ನಿಗೆ ನಿಷಿದ್ಧ. ಅಲ್ಲೇ ತಿಂದು ಬನ್ನಿ.