ಹಲಸಿನ ಮೇಜು

ಶಿರಸಿಯಲ್ಲಿ ಮಳೆ ಹಿಂದೆ ಸರಿದು ಒಳ್ಳೆ ಬಿಸಿಲು ಬಿದ್ದಿದೆ. ಅಜ್ಜನ ಹಲಸಿನ ಮೇಜನ್ನು ಅಂಗಳಕ್ಕೆ ಇಳಿಸಿದ್ದೇನೆ. 80 ನಂಬರಿನ ಒರಟು ಸ್ಯಾಂಡ್ ಪೇಪರಿನಿಂದ ಹಳೆ ವಾರ್ನಿಶ್ ತೆಗೆದು, ಇನ್ನೂ ನಯವಾದ 120, ಆಮೇಲೆ 220ರಿಂದ ಉಜ್ಜಿದೆ. ಮರದ ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಪಾಲಿಶ್ ಆದಮೇಲೂ ಕಾಣುತ್ತದೆ. ಕಪ್ಪಾಗಿದ್ದ ಹಲಗೆಯೊಳಗಿಂದ ಅರಿಸಿನದಂಥ ಹಳದಿ ಬಂತು ನೋಡಿ! ಎಷ್ಟು ಚಂದ! ಬೆಳಕು, ಗಾಳಿ ತಾಗಿದಂತೆ ಅದು ಮತ್ತೆ ಕಂದಾಗುತ್ತದೆ. ಮಳೆಗಾಲದಲ್ಲಿ ಅರಗಿನ ಪಾಲಿಶ್ ಹಚ್ಚಿದರೆ ಗಾಳಿಯ ತೇವಕ್ಕೆ ಬಿಳಿಚಿಕೊಳ್ಳುತ್ತದೆ, ಅದಕ್ಕೇ ಇಷ್ಟು ದಿನ ಕಾದೆ.

ಒಂದು ಮೂಲೆಯಲ್ಲಿ ಅಜ್ಜ ಅಡಿಕೆ ಲೆಕ್ಕ ಬರೆಯುವಾಗ ಚೆಲ್ಲಿದ ಶಾಯಿಯ ಕಲೆ ಇದೆ. ಉಜ್ಜಲು ಮನಸ್ಸು ಬರಲಿಲ್ಲ. ಮೇಜು ಹೊಸದಾಗಿ ಕಾಣಲಿ ಅಂತ ಅದನ್ನೂ ಅಳಿಸಬೇಕಾ? ನನಗೇನೋ ಬೇಡ ಅನಿಸಿತು. ಪಾಲಿಶ್ ಅದರ ಮೇಲೇ ಹಚ್ಚುತ್ತೇನೆ. ನಾಳೆ ಬಿಸಿಲಿದ್ದರೆ ಮೊದಲ ಕೋಟ್.