ನಿಂತರೆ ತಣ್ಣಗೆ, ಓಡಿದರೆ ಕೆಂಡ

ಲಾರಿಯ ಕೂಲಿಂಗ್ ಕೆಲಸ ಮುಗಿಯಿತು ಅಂತ ಹೋದ ವಾರವೇ ಬರೆಯಬೇಕಿತ್ತು. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ಯಾಪ್, ಬೆಲ್ಟ್, ಮೇಲಿನ ಹೋಸ್, ಕೆಳಗಿನ ಹೋಸ್ ಎಲ್ಲಾ ಹೊಸದು. ಬಿಚ್ಚಿದ್ದು, ಹಳೇ ಗ್ಯಾಸ್ಕೆಟ್ ಕೆರೆದದ್ದು, ತುಕ್ಕು ಹಿಡಿದ ಬೋಲ್ಟ್‌ಗೆ ಬೈದದ್ದು ಎಲ್ಲರ ಮನೆಯಲ್ಲೂ ಇರುವುದೇ. ಬಿಡಿ.

ನಿಂತಲ್ಲೇ ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟೆ. ಟೆಂಪರೇಚರ್ ಮುಳ್ಳು 85 ಡಿಗ್ರಿಯಲ್ಲಿ ಕೂತಿದ್ದು ಅಲ್ಲಾಡಲಿಲ್ಲ. ಖುಷಿಯಿಂದ ರಸ್ತೆಗೆ ಇಳಿಸಿದೆ. ಹತ್ತು ನಿಮಿಷಕ್ಕೆ 105 ದಾಟಿತು! ಪಕ್ಕಕ್ಕೆ ನಿಲ್ಲಿಸಿದರೆ ಏನೂ ಆಗದವರ ಹಾಗೆ ಮೆಲ್ಲಗೆ ಇಳಿಯಿತು.

ಮೊದಲ ಅನುಮಾನ ಏರ್ ಲಾಕ್ ಮೇಲೆ, ಅಂದರೆ ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆಯಾ ಅಂತ. ಮೂತಿ ಮೇಲೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ, ಮೂರು ಸಲ ಗಾಳಿ ತೆಗೆದೆ. ಆಮೇಲೆ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ರೇಡಿಯೇಟರ್ ಕಡೆ ನೀರು ಬಿಡುವ ವಾಲ್ವ್. ಅದರ ಮೇಲೆ 82 ಅಂತ ಅಚ್ಚಾಗಿದೆ. ಬಿಸಿ ನೀರಿಗೆ ಇಳಿಬಿಟ್ಟು ನೋಡಿದರೆ 82ರ ಹತ್ತಿರವೇ ಬಾಯಿ ಬಿಟ್ಟಿತು. ಪಾಪ, ನಿರಪರಾಧಿ. ಆದರೂ ಅದನ್ನು ಕಿತ್ತಿಟ್ಟು ಓಡಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಮುಳ್ಳು ಮತ್ತೆ ಏರಿತು. ಇಂಜಿನ್ ಬ್ಲಾಕಿಗೂ ಹೆಡ್‌ಗೂ ನಡುವಿನ ಸೀಲ್, ಹೆಡ್ ಗ್ಯಾಸ್ಕೆಟ್, ಹೋಗಿದೆಯಾ ಅಂದರೆ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಇಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಮಲಗಿದ್ದಾಗಲೇ ಹೊಳೆದದ್ದು. ನಿಂತಾಗ ಬಿಸಿಯಾದರೆ ಸಾಮಾನ್ಯವಾಗಿ ಗಾಳಿಯ ತೊಂದರೆ, ಫ್ಯಾನ್ ನೋಡಬೇಕು. ಓಡುವಾಗ ಮಾತ್ರ ಬಿಸಿಯಾದರೆ ನೀರು ಸಾಲುತ್ತಿಲ್ಲ. ನಾನು ಬಾನೆಟ್ ಎತ್ತಿ ನೋಡಿದ್ದೆಲ್ಲ ಐಡಲ್‌ನಲ್ಲಿ!

ಬೆಳಿಗ್ಗೆ ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಟಾರ್ಚ್ ಹಿಡಿದು ಬೆಲ್ಟಿನಿಂದ ದೂರ ನಿಂತೆ. ತಣ್ಣಗಿದ್ದಾಗ 2500 ಆರ್‌ಪಿಎಂಗೆ ಏರಿಸಿದರೂ ಏನೂ ಕಾಣಲಿಲ್ಲ. "ಸಾಕಾ ಅಣ್ಣಾ?" ಅಂತ ಅವನಿಗೆ ಬೇಜಾರು. ಬಿಸಿಯಾಗಲಿ ತಡಿ ಅಂದೆ. ಬಿಸಿಯಾದ ಮೇಲೆ ಮತ್ತೆ ಒತ್ತಿದ. ಕೆಳಗಿನ ಹೋಸ್ ಹಲ್ಲಿಲ್ಲದ ಅಜ್ಜನ ಕೆನ್ನೆ ಹಾಗೆ ಒಳಗೆ ಹೋಯಿತು. ಆಕ್ಸಿಲರೇಟರ್ ಬಿಟ್ಟರೆ ಮತ್ತೆ ದುಂಡಗೆ.

ಕೆಳಗಿನ ಹೋಸ್ ಪಂಪ್ ಎಳೆಯುವ ಕಡೆಯದು. ವೇಗ ಏರಿದಷ್ಟೂ ಎಳೆತ ಜಾಸ್ತಿ. ಬಿಸಿಗೆ ರಬ್ಬರ್ ಮೆತ್ತಗಾಗುತ್ತದೆ, ಚಪ್ಪಟೆಯಾಗುತ್ತದೆ, ನೀರು ನಿಲ್ಲುತ್ತದೆ. ಗುಜರಿಗೆ ಎಸೆದಿದ್ದ ಹಳೇ ಹೋಸ್ ಸೀಳಿದೆ. ಒಳಗೆ ತುಕ್ಕು ತಿಂದ ಸ್ಪ್ರಿಂಗ್, ಮೂರು ತುಂಡು. ಹೋಸ್ ಚಪ್ಪಟೆಯಾಗದ ಹಾಗೆ ತಡೆಯುವುದೇ ಅದರ ಕೆಲಸ. ಹೊಸದರಲ್ಲಿ ಅದೇ ಇಲ್ಲ.

ಅಂಗಡಿಯವರಿಗೆ ಫೋನ್ ಮಾಡಿದರೆ "ಪಾರ್ಟ್ ನಂಬರ್ ಅದೇ ಅಲ್ವಾ ಸಾರ್" ಅಂದರು. ನಂಬರ್ ಅದೇ, ಸ್ಪ್ರಿಂಗ್ ಎಲ್ಲಿ? ನಂಬರ್ ಓಡಿಸಿಕೊಂಡು ಹೋಗಲಾ? ಈಗಿನ ಗಟ್ಟಿ ಹೋಸ್‌ಗಳಿಗೆ ಸ್ಪ್ರಿಂಗ್ ಬೇಡ ಅನ್ನುತ್ತಾರೆ, ಸರಿ. ಇದು ಗಟ್ಟಿಯೂ ಅಲ್ಲ. ಬದಲಿಗೆ ಕಳಿಸಿದ್ದೂ ಹಾಗೇ ಬೋಳು.

ಕೊನೆಗೆ 2 ಮಿ.ಮೀ. ಸ್ಟೇನ್‌ಲೆಸ್ ಸ್ಪ್ರಿಂಗ್ ತಂತಿ ತಂದು ನಾನೇ ಸುತ್ತಿದೆ. ಹೋಸಿನ ಒಳಗಿನ ಅಳತೆ 45 ಮಿ.ಮೀ. ಬುದ್ಧಿವಂತನ ಹಾಗೆ 40ರ ಪೈಪಿನ ಮೇಲೆ ಸುತ್ತಿದೆ. ಕೈ ಬಿಟ್ಟ ಕೂಡಲೇ ತಂತಿ ಬಿಚ್ಚಿಕೊಂಡು ಅಗಲವಾಯಿತು, ಗ್ಲೌಸ್ ಮೇಲೆ ಒಂದು ಬಾರಿಸಿತು. ಹೋಸಿಗೆ ಹೋಗಲೇ ಇಲ್ಲ. ಎರಡನೇದನ್ನು 34ರ ಪೈಪಿನ ಮೇಲೆ ಸುತ್ತಿದೆ. ತಿರುಗಿಸುತ್ತಾ ತುರುಕಿದರೆ ಬಿಗಿಯಾಗಿ ಕೂತಿತು. ತುದಿಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದೆ, ಇಲ್ಲದಿದ್ದರೆ ರಬ್ಬರ್ ಕೊಯ್ಯುತ್ತದೆ.

ತಂತಿ ಇನ್ನೂ ಉಳಿದಿದೆ. ಅದನ್ನು ನೋಡಿದಾಗಲೆಲ್ಲ ಡ್ರೈವರ್ ಸೀಟು ನೆನಪಾಗುತ್ತದೆ. ಅದರ ಎಡಗಡೆ ಸ್ಪ್ರಿಂಗ್ ಮುರಿದು, ನಾನು ಯಾವಾಗಲೂ ವಾಲಿಕೊಂಡೇ ಓಡಿಸುವುದು. ಅದಕ್ಕೆ ಇದಕ್ಕಿಂತ ದಪ್ಪ ತಂತಿ ಬೇಕು, ಸುತ್ತುವುದಲ್ಲ, ಹಾವಿನ ಹಾಗೆ ಬಗ್ಗಿಸಬೇಕು. ಹಲಗೆಗೆ ಮೊಳೆ ಹೊಡೆದು ಒಂದು ಅಚ್ಚು ಮಾಡುವ ಯೋಚನೆ ಇದೆ. ಆ ಕಥೆ ಮುಂದಿನ ಸಲ.

ನಿನ್ನೆ ಥರ್ಮೋಸ್ಟಾಟ್ ವಾಪಸ್ ಹಾಕಿ ಒಂದು ಗಂಟೆ ಓಡಿಸಿದೆ. ಏರು ರಸ್ತೆಯಲ್ಲೂ ಮುಳ್ಳು 90 ದಾಟಲಿಲ್ಲ. ವಾಪಸ್ ಬಂದು ಬಾನೆಟ್ ಎತ್ತಿದರೆ ಹೀಟರ್ ಹೋಸಿನ ಕ್ಲಾಂಪ್ ಕೆಳಗೆ ಒಂದು ಹನಿ. ನೋಡದವನ ಹಾಗೆ ಬಾನೆಟ್ ಮುಚ್ಚಿದೆ.