ಗಂಡುಮರಿ ಯಾರ ಪಾಲಿಗೆ?

ಭಾನುವಾರ ಅವ್ವನಿಗೆ ಫೋನ್ ಹಚ್ಚಿದರೆ ಮೊದಲ ಮಾತು, "ಬಾತುಕೋಳಿ ಹೆಂಗದಾವು?" ಆಮೇಲೆ ಮೊಮ್ಮಗ. ಆಮೇಲೆ ಅಳಿಯ. ನನ್ನ ಸರದಿ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ, ಫೋನ್ ಕಟ್.

ನಾವಿರುವುದು ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ. ನಾನು ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. ಅವ್ವ ಇರುವುದು ಗಂಗಾವತಿ ಹತ್ತಿರದ ಒಂದು ಹಳ್ಳಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸುತ್ತ ಭತ್ತದ ಗದ್ದೆ. ನಮ್ಮ ಕಡೆ ಮೊಟ್ಟೆಗೆ ತತ್ತಿ ಅಂತೀವಿ. ಇಲ್ಲೂ ತತ್ತಿ ಅಂತಲೇ ಬರೀತೀನಿ. ಮೊಟ್ಟೆ ಅಂದರೆ ನನಗೆ ಅಂಗಡಿಯದ್ದು ಅನಿಸುತ್ತದೆ.

ನಮ್ಮ ಹಿತ್ತಲಲ್ಲಿ ಐದು ಹೆಣ್ಣು ಬಾತು, ಒಂದು ಗಂಡು. ಜೊತೆಗೆ ಕೆಲಸ ಮಾಡುವವರೊಬ್ಬರು ಮನೆ ಬದಲಿಸುವಾಗ "ಇಟ್ಕೊಳ್ತೀರಾ?" ಅಂತ ಕೇಳಿದರು. ನಮ್ಮ ಮನೆಯವರು ಬೇಡ ಅನ್ನುವುದರೊಳಗೆ ನಾನು ಹೂಂ ಅಂದಿದ್ದೆ. ಹೂಂ ಅಂದಷ್ಟು ಸುಲಭ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಇಲ್ಲಿ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರಕ್ಕೆ ಹೆಸರು ಕೊಡಬೇಕು. ಅವ್ವ ಕೇಳಿ ನಕ್ಕಳು. "ಅಂದ್ರ ರೇಷನ್ ಕಾರ್ಡಿನ್ಯಾಗ ಅವುಕ್ಕೂ ಹೆಸರು ಹಚ್ಚೀರಿ ಅನ್ನು." ಇನ್ನೊಂದು ಕಾನೂನು ಮಾತ್ರ ಅವಳಿಗೆ ಇವತ್ತಿಗೂ ಅರಗಿಲ್ಲ. ಅಡುಗೆಮನೆಯಲ್ಲಿ ಮಿಕ್ಕಿದ್ದನ್ನು ಇವಕ್ಕೆ ಹಾಕುವಂತಿಲ್ಲ. ಹಕ್ಕಿಗಳಿಗೆ ರೋಗ ಹರಡಬಾರದು ಅಂತ ಆ ನಿಯಮ. "ರೊಟ್ಟಿ ಚೂರೂ ಹಾಕಂಗಿಲ್ಲಾ? ಮತ್ತ ಯಾಕ ಸಾಕ್ತೀರಿ?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ.

ಇವು ಖಾಕಿ ಕ್ಯಾಂಪ್‌ಬೆಲ್ ಜಾತಿ. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಯೂಲಿ ಅನ್ನುವ ಹಳ್ಳಿಯಲ್ಲಿ, ನೂರು ವರ್ಷಕ್ಕೂ ಹಿಂದೆ, ಅಡೀಲ್ ಕ್ಯಾಂಪ್‌ಬೆಲ್ ಅನ್ನುವ ಹೆಣ್ಣುಮಗಳು ಬೆಳೆಸಿದ ತಳಿ. ಅವರ ಹತ್ತಿರ ಚೆನ್ನಾಗಿ ತತ್ತಿ ಇಡುವ ಇಂಡಿಯನ್ ರನ್ನರ್ ಬಾತು ಇತ್ತು. ಅದಕ್ಕೆ ದೊಡ್ಡ ಮೈಯ ಬೇರೆ ಜಾತಿಯನ್ನು ಕೂಡಿಸಿದರು. ಇಂಡಿಯನ್ ಅಂತ ಹೆಸರಿದ್ದರೂ ಅದರ ಮೂಲ ಇಂಡೋನೇಷ್ಯಾ ಕಡೆಯದು. ಖಾಕಿ ಮಾತ್ರ ನಮ್ಮ ಕಡೆಯ ಮಾತೇ, ಧೂಳಿನ ಬಣ್ಣ ಅಂತ. ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಬಾತುಕೋಳಿ ಫಾರ್ಮಿನಲ್ಲೂ ಇದೇ ಜಾತಿ ಸಾಕಿದ್ದಾರೆ. ಅಂದರೆ ನಾನು ಬರುವ ಎಷ್ಟೋ ಮೊದಲೇ ಇವು ಅಲ್ಲಿಗೆ ಹೋಗಿ ಬಂದಿವೆ.

ತತ್ತಿ ಇಡುವುದರಲ್ಲಿ ಇವನ್ನು ಮೀರಿಸುವವರಿಲ್ಲ. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ತನಕ ಇಡುತ್ತವೆ. ಆದರೆ ಕಾವಿಗೆ ಕೂರುವ ಬುದ್ಧಿ ಇಲ್ಲ. ಎಲ್ಲೆಂದರಲ್ಲಿ ಇಟ್ಟು, ಹಿಂದೆ ತಿರುಗಿ ನೋಡದೆ ಹೊರಟುಬಿಡುತ್ತವೆ. ವಸಂತದಲ್ಲಿ ದಿನಕ್ಕೆ ನಾಲ್ಕೈದು ತತ್ತಿ. ಮೂರು ಜನ ಎಷ್ಟು ತಿನ್ನೋದು? ಗೇಟಿನ ಹೊರಗೆ ಒಂದು ಪೆಟ್ಟಿಗೆಯಲ್ಲಿ ಇಟ್ಟೆ. ಬೇಕಾದವರು ತಗೊಂಡು ದುಡ್ಡು ಡಬ್ಬಿಗೆ ಹಾಕಿ ಹೋಗುತ್ತಾರೆ. ಇಲ್ಲಿ ಇದು ಮಾಮೂಲು. ಪಕ್ಕದ ಮನೆಯ ಅಜ್ಜಿ ಕೇಕ್ ಮಾಡಲು ಬಾತಿನ ತತ್ತಿಯೇ ಬೇಕು ಅನ್ನುವವರು. ಅವರೇ ಒಂದು ದಿನ, "ಅಟ್ಟದ ಮೇಲೆ ತತ್ತಿಗೆ ಕಾವು ಕೊಡುವ ನನ್ನ ಹಳೇ ಪೆಟ್ಟಿಗೆ, ಇನ್‌ಕ್ಯುಬೇಟರ್ ಇದೆ. ತತ್ತಿ ನಿನ್ನದು, ಪೆಟ್ಟಿಗೆ ನಂದು, ಮರಿ ಅರ್ಧ ಅರ್ಧ ಮಾಡೋಣವಾ?" ಅಂದರು.

ನನಗೆ ಒಂದು ಕ್ಷಣ ಊರಿನ ಓಣಿಯಲ್ಲಿ ನಿಂತ ಹಾಗಾಯಿತು. ಕೋಳಿ ಒಬ್ಬರದು, ತತ್ತಿ ಒಬ್ಬರದು, ಮರಿ ಪಾಲಿಗೆ. ನನ್ನ ಅಜ್ಜಿ ಹೀಗೆಯೇ ಮಾಡುತ್ತಿದ್ದಳು. ಆ ವಾರ ಅವ್ವನಿಗೆ ಹೇಳಿದೆ. ಅವಳು ಸುಮ್ನೆ ಇರುವವಳಾ? "ನಮ್ಮ ಹ್ಯಾಟಿನೂ ಕಾವಿಗಿ ಕುಂತೈತಿ. ನಾನೂ ಇಡ್ತೀನಿ ತಡಿ." ಹ್ಯಾಟಿ ಅಂದರೆ ಹೆಣ್ಣುಕೋಳಿ.

ಅವಳಿಗೆ ಬಾತಿನ ತತ್ತಿ ಸಿಕ್ಕ ಬಗೆ ಹೇಳಬೇಕು. ಬೇಸಿಗೆಯ ಭತ್ತ ಕೊಯ್ದ ಮೇಲೆ ನಮ್ಮ ಕಡೆಯ ಗದ್ದೆಗಳಿಗೆ ಬಾತು ಮೇಯಿಸುವವರು ಬರುತ್ತಾರೆ. ಉದುರಿದ ಕಾಳು, ಹುಳ, ಬಸವನಹುಳು, ಎಲ್ಲ ಆರಿಸಿ ತಿನ್ನುವ ದೊಡ್ಡ ಹಿಂಡು. ಕೈಯಲ್ಲಿ ಉದ್ದ ಕೋಲು, ಮಾತು ತೆಲುಗು. ಸುತ್ತ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿರುವ ಊರು ನಮ್ಮದು, ಅವ್ವನಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಅದರ ಹಿಂದಿನ ವರ್ಷ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆ ಮಾಡಿರಲಿಲ್ಲ. ಆಮೇಲೆ ಮಳೆ ಕೈಹಿಡಿಯಿತು, ಅಣೆಕಟ್ಟು ಮತ್ತೆ ತುಂಬಿತು. ಇಲ್ಲದಿದ್ದರೆ ಎರಡನೇ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಬಾತಿನವರೂ ಇಲ್ಲ. ನಮ್ಮ ಹೊಲದಲ್ಲಿ ಇಳಿದವನಿಗೆ ಅವ್ವ ಮೂರು ದಿನ ಮಜ್ಜಿಗೆ ಕೊಟ್ಟಿದ್ದಳು. ಹೋಗುವಾಗ ಎಂಟು ತತ್ತಿ ಕೊಟ್ಟ. ಮರಿಯಲ್ಲಿ ನಿನ್ನ ಪಾಲು ಯಾವಾಗ ಕೊಡಲಿ ಅಂತ ಇವಳು ಕೇಳಿದ್ದಕ್ಕೆ, ಮುಂದಿನ ಸುಗ್ಗಿಗೆ ಬರ್ತೀನಲ್ಲ ಅಂದನಂತೆ.

ಕಾವಿಗೆ ಬೆಸ ಸಂಖ್ಯೆಯಲ್ಲೇ ಇಡಬೇಕು ಅನ್ನುವುದು ಅವ್ವನ ಶಾಸ್ತ್ರ. ಏಳು ಬುಟ್ಟಿಗೆ ಹೋದವು, ಎಂಟನೆಯದು ಆಮ್ಲೆಟ್ ಆಯಿತು. ನಾನು 12 ಇಟ್ಟೆ. ಅದಕ್ಕೂ ಬೈಸಿಕೊಂಡೆ.

ಇಡುವ ಮೊದಲೇ ನಮ್ಮಿಬ್ಬರ ದಾರಿ ಬೇರೆಯಾಯಿತು. ನಮ್ಮ ಗ್ಯಾರೇಜು ಏಪ್ರಿಲ್‌ನಲ್ಲೂ 12 ಡಿಗ್ರಿ ಆಸುಪಾಸು ಇರುತ್ತದೆ. ತತ್ತಿಯ ಅಗಲದ ತುದಿ ಮೇಲೆ ಮಾಡಿಟ್ಟರೆ ಒಂದು ವಾರ ಆರಾಮ. ಒಳಗಿನ ಜೀವ ಮಲಗಿಯೇ ಇರುತ್ತದೆ. ವಾರ ದಾಟಿದರೆ ಮರಿಯಾಗುವುದು ಕಮ್ಮಿಯಾಗುತ್ತಾ ಹೋಗುತ್ತದೆ. ಊರಲ್ಲಿ ಆಗ 40 ಡಿಗ್ರಿ ಬಿಸಿಲು. ಅಡುಗೆಮನೆಯ ಮೂಲೆಯಲ್ಲಿಟ್ಟರೂ ಸಾಕು, ಕೋಳಿ ಕೂರುವ ಮೊದಲೇ ಒಳಗೆ ಅರೆಬರೆ ಬೆಳೆಯಲು ಶುರುವಾಗಿ ಕೆಡುತ್ತದೆ. ಅದಕ್ಕೇ ಅವ್ವ ಅವತ್ತು ಸಂಜೆಯೇ ಇಟ್ಟಳು. ತೊಳೆಯಲಿಲ್ಲ, ಕೆಸರಿದ್ದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿದಳು ಅಷ್ಟೆ. ತೊಳೆಯಬಾರದು ಅಂತ ಪಕ್ಕದ ಮನೆಯ ಅಜ್ಜಿಯೂ ನನಗೆ ಹೇಳಿದ್ದರು. ಚಿಪ್ಪಿನ ಮೇಲೊಂದು ತೆಳು ಪೊರೆ ಇರುತ್ತದೆ, ಅದು ಹೋದರೆ ಸೋಂಕಿಗೆ ಬಾಗಿಲು ತೆರೆದ ಹಾಗೆ.

ಕೋಳಿಗೆ 21 ದಿನ, ಬಾತಿಗೆ 28. ಒಂದೇ ಬುಟ್ಟಿಯಲ್ಲಿ ಎರಡೂ ಬೇಕಿದ್ದರೆ ಬಾತಿನದನ್ನು ಮೊದಲಿಟ್ಟು, ಏಳು ದಿನ ಬಿಟ್ಟು ಕೋಳಿಯದನ್ನು ಇಡಬೇಕು, ಆಗ ಒಟ್ಟಿಗೆ ಒಡೆಯುತ್ತವೆ. ಇದು ನನ್ನ ಅಜ್ಜಿಯ ಲೆಕ್ಕ. ಅಕ್ಷರ ಬಾರದ ಅಜ್ಜಿ ಗೋಡೆಯ ಮೇಲೆ ಇದ್ದಿಲಿನ ಗೀಟು ಹಾಕಿ ಎಣಿಸುತ್ತಿದ್ದಳು.

ಪಕ್ಕದ ಮನೆಯ ಅಜ್ಜಿ ಕೊಟ್ಟ ಇನ್‌ಕ್ಯುಬೇಟರ್ ಹಳೇದು, ತತ್ತಿ ತಾನಾಗಿ ಹೊರಳಿಸುವುದಿಲ್ಲ. ಮಗ ಪ್ರತಿ ತತ್ತಿಯ ಒಂದು ಬದಿಗೆ ಪೆನ್ಸಿಲಿನಲ್ಲಿ ಸೊನ್ನೆ, ಇನ್ನೊಂದು ಬದಿಗೆ ಗುಣಿಸು ಚಿಹ್ನೆ ಬರೆದ. ದಿನಕ್ಕೆ ಐದು ಸಲ ಹೊರಳಿಸಬೇಕು. ನಾನು ರಾತ್ರಿ ಪಾಳಿಗೆ ಹೋದರೆ ಮನೆಯವರಿಗೆ ಚಾರ್ಜು. ಆಸ್ಪತ್ರೆಯಲ್ಲಿ ರೋಗಿಗಳನ್ನು ಒಪ್ಪಿಸುವ ಹಾಗೆ ಚೀಟಿ ಬರೆದಿಟ್ಟು ಹೋಗುತ್ತಿದ್ದೆ. ಶಾಖ 37.5 ಡಿಗ್ರಿ, ತೇವ ಶೇಕಡಾ 55. ಎರಡನೇ ವಾರದಿಂದ ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆದು ಆರಲು ಬಿಟ್ಟು, ಉಗುರುಬೆಚ್ಚಗಿನ ನೀರು ಚಿಮುಕಿಸಬೇಕು. ತಾಯಿ ಬಾತು ಮೇಯಲು ಹೋಗಿ ಒದ್ದೆ ಮೈಯಲ್ಲಿ ಬಂದು ಕೂರುತ್ತದಲ್ಲ, ಅದರ ನಕಲು. ಅವ್ವನಿಗೆ ಇದನ್ನು ದೊಡ್ಡದಾಗಿ ವಿವರಿಸಿದೆ. "ನಾನು ದಿನಾ ಕೈ ಒದ್ದಿ ಮಾಡಿ ಸವರ್ತೀನಿ. ನಿಮ್ಮಜ್ಜಿ ಹೇಳಿದ್ದು," ಅಂದಳು.

ಏಳನೇ ದಿನ ರಾತ್ರಿ ದೀಪ ಆರಿಸಿ ಬ್ಯಾಟರಿ ಬೆಳಕು ಹಿಡಿದೆವು. ಜೇಡನ ಬಲೆಯ ಹಾಗೆ ಕೆಂಪು ನರ, ನಡುವೆ ಮಿಡಿಯುವ ಒಂದು ಚುಕ್ಕೆ. ದಿನಾ ಮಾನಿಟರಿನಲ್ಲಿ ಎದೆಬಡಿತ ನೋಡುವವಳು ನಾನು. ಆದರೂ ಮಗನಿಗಿಂತ ಜೋರಾಗಿ ಕೂಗಿದ್ದು ನಾನೇ. ಎರಡು ಖಾಲಿ ಇದ್ದವು, ತೆಗೆದೆವು. ಮುಂದಿನ ವಾರ ಇನ್ನೊಂದರಿಂದ ವಾಸನೆ ಬರತೊಡಗಿತು. ಕೊಳೆತ ತತ್ತಿ ಒಳಗೇ ಒಡೆದರೆ ಉಳಿದವೂ ಹಾಳು. ಉಸಿರು ಬಿಗಿಹಿಡಿದು ಅದನ್ನು ಹೊರಗೆ ಒಯ್ದೆ. ಒಂಬತ್ತು ಉಳಿದವು.

25ನೇ ದಿನದಿಂದ ಹೊರಳಿಸುವುದು ಬಂದ್. ತೇವ ಹೆಚ್ಚಿಸಿ, ಮುಚ್ಚಳ ಹಾಕಿ ದೂರ ನಿಲ್ಲಬೇಕು. ಇದೇ ಎಲ್ಲಕ್ಕಿಂತ ಕಷ್ಟ. 27ನೇ ದಿನ ಮೊದಲ ಬಿರುಕು. ಬಾತಿನ ಮರಿಗೆ ಅವಸರವಿಲ್ಲ. ಚಿಪ್ಪಿಗೆ ಸಣ್ಣ ತೂತು ಮಾಡಿ ಒಂದು ದಿನ, ಕೆಲವು ಸಲ ಇನ್ನೂ ಜಾಸ್ತಿ ಹೊತ್ತು, ಸುಮ್ಮನೆ ಮಲಗಿಬಿಡುತ್ತದೆ. ಆ ಹೊತ್ತಿನಲ್ಲಿ ಪೊರೆಯ ನರಗಳಲ್ಲಿನ ರಕ್ತವನ್ನೂ ಉಳಿದ ಹಳದಿಯನ್ನೂ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ, ನೈಟ್ ಮುಗಿಸಿ ಬಂದ ಬೆಳಿಗ್ಗೆ, ಏಳನೆಯದು ಅಲ್ಲಾಡುತ್ತಿಲ್ಲ ಅನಿಸಿ ಚಿಮುಟದಿಂದ ಚಿಪ್ಪು ಬಿಡಿಸಿದೆ. ರಕ್ತ ಬಂತು. ಮರಿ ಮರುದಿನ ಸತ್ತಿತು. ಅವ್ವನಿಗೆ ಹೇಳಿದಾಗ ಬೈಯಲಿಲ್ಲ. "ನರ್ಸಮ್ಮನ ಕೈ, ಸುಮ್ಮ ಇರೂದಿಲ್ಲ" ಅಂದಳು, ಅಷ್ಟೆ. ಅವಳ ಕಡೆ ಕೋಳಿಯ ಕೆಳಗೆ ಏನು ನಡೆಯುತ್ತಿದೆ ಅಂತ ನೋಡಿದವರೇ ಇಲ್ಲ. ಬೆಳಿಗ್ಗೆ ಎದ್ದರೆ ಐದು ಮರಿ.

ನನಗೆ ಕೊನೆಗೆ ದಕ್ಕಿದ್ದು ಆರು. ಎರಡು ಒಡೆಯಲೇ ಇಲ್ಲ.

ಮರಿಗಳ ಉಪಚಾರ ಇಲ್ಲಿ ದೊಡ್ಡ ಸಂಭ್ರಮ. ಕೆಂಪು ದೀಪದ ಕೆಳಗೆ 32 ಡಿಗ್ರಿ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಬೇಕು. ಕೋಳಿಮರಿಯ ಹಿಟ್ಟು ಹಾಕಿದರೆ ನಿಯಾಸಿನ್ ಅನ್ನುವ ವಿಟಮಿನ್ ಸಾಲದೆ ಕಾಲು ಸೊಟ್ಟಗಾಗುತ್ತದೆ ಅಂತ ಅದಕ್ಕೆ ಈಸ್ಟ್ ಪುಡಿ ಬೆರೆಸಬೇಕು. ನೀರಿಗೂ ತಕ್ಷಣ ಬಿಡುವಂತಿಲ್ಲ. ತಾಯಿಯ ಪುಕ್ಕದ ಎಣ್ಣೆ ಹತ್ತದ ಮರಿ ಬೇಗ ನೆನೆದು ಚಳಿಗೆ ಸಾಯುತ್ತದೆ. ಊರಲ್ಲಿ ಆ ಚಿಂತೆ ಇಲ್ಲ. ಬೇಸಿಗೆಯಲ್ಲಿ ಕಾಲುವೆ ಒಣಗಿರುತ್ತದೆ. ಎಮ್ಮೆಗೆ ನೀರಿಡುವ ಬಾನಿಯೇ ಅವುಗಳ ಕೆರೆ. ಮುಳುಗಿ ಎದ್ದು ಐದು ನಿಮಿಷ ಅಂಗಳದಲ್ಲಿ ನಿಂತರೆ ಒಣಗುತ್ತವೆ. ಪಾಪ, ಹ್ಯಾಟಿ ಬಾನಿಯ ಸುತ್ತ ತಿರುಗಿ ತಿರುಗಿ ಸೊರಗಿತಂತೆ. ಒಂದು ಮರಿಯನ್ನು ಮುಂಗುಸಿ ಒಯ್ದಿತು. ನಾಲ್ಕು ಉಳಿದವು.

ಮೂರನೇ ವಾರ ನಾವು ಪಾಲು ಮಾಡಿಕೊಂಡೆವು. ಮಗ ಕಣ್ಣು ಮುಚ್ಚಿ ಮೂರು ಎತ್ತಿದ, ಅವು ಪಕ್ಕದ ಮನೆಯ ಅಜ್ಜಿಗೆ. ಉಳಿದ ಮೂರು ನಮಗೆ. ಖಾಕಿ ಮರಿಗಳಲ್ಲಿ ಗಂಡು ಹೆಣ್ಣು ಮೇಲುನೋಟಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ದನಿ ಒಡೆದಾಗ, ಆರೇಳು ವಾರಕ್ಕೆ. ಹೆಣ್ಣು ಕ್ವಾಕ್ ಅಂತ ಬೀದಿಗೆ ಕೇಳುವ ಹಾಗೆ ಕೂಗುತ್ತದೆ. ಗಂಡಿನದು ಶೀತವಾದವರ ಗೊಗ್ಗರು ದನಿ. ನಮ್ಮ ಮೂರೂ ಗೊಗ್ಗರು. ಅಜ್ಜಿಯ ಮನೆಯಿಂದ ಮಾತ್ರ ಎರಡು ಭರ್ಜರಿ ಕ್ವಾಕ್.

ತತ್ತಿ ಹಂಚುವಾಗ ಯಾರೂ ಹೇಳದ ಮಾತಿದು. ಒಡೆದದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಜಾಸ್ತಿಯಾದರೆ ಹೆಣ್ಣುಗಳ ಕುತ್ತಿಗೆಯ ಪುಕ್ಕ ಕಿತ್ತುಬರುವ ತನಕ ಕಾಡುತ್ತವೆ. ನೋಡಲಾಗುವುದಿಲ್ಲ. ಅಜ್ಜಿ ದೊಡ್ಡ ಮನಸ್ಸು ಮಾಡಿ, "ನನ್ನದೊಂದು ಹೆಣ್ಣು ನೀನು ತಗೋ" ಅಂದರು. ಅವ್ವ ಒಪ್ಪಲಿಲ್ಲ. "ಪಾಲು ಅಂದ್ರ ಪಾಲು. ದನಿ ಬಂದ ಮ್ಯಾಲೆ ಬದ್ಲಿ ಮಾಡಂಗಿಲ್ಲ."

"ಹಂಗಾದ್ರ ಈ ಮೂರನ್ನ ಏನ್ ಮಾಡ್ಲಿ?"

"ಸಾರು ಮಾಡು."

ಮಗ ಪಕ್ಕದಲ್ಲೇ ಇದ್ದ. ಆ ದಿನ ಅವನು ಅವ್ವನ ಹತ್ತಿರ ಮಾತಾಡಲಿಲ್ಲ. ನಾನೂ ಊರಲ್ಲಿದ್ದರೆ ಸಾರು ಮಾಡುತ್ತಿದ್ದೆನೇನೋ. ಪೆನ್ಸಿಲಿನಲ್ಲಿ ಗುಣಿಸು ಚಿಹ್ನೆ ಬರೆದು ಹೊರಳಿಸಿದ್ದನ್ನು ಕುಯ್ಯಲು ಕೈ ಬರಲಿಲ್ಲ. ಎರಡು ತಿಂಗಳು ಬೇರೆ ಬಲೆ ಕಟ್ಟಿ ಮೂರನ್ನೂ ಒಟ್ಟಿಗೆ ಇಟ್ಟೆ. ಹೆಣ್ಣು ಕಣ್ಣಿಗೆ ಬೀಳದಿದ್ದರೆ ಗಂಡುಗಳು ತಮ್ಮಷ್ಟಕ್ಕೆ ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಕೆಲಸದ ಜಾಗದಲ್ಲಿ ಚೀಟಿ ಅಂಟಿಸಿದೆ, "ಗಂಡು ಬಾತು ಮೂರು, ಪುಕ್ಕಟೆ." ಎಲ್ಲರೂ ಫೋಟೋ ನೋಡಿ ಮುದ್ದಾಗಿದೆ ಅಂದರು, ಯಾರೂ ಒಯ್ಯಲಿಲ್ಲ. ಕೊನೆಗೆ ಸೇಬಿನ ತೋಟ ಇರುವ ಒಬ್ಬರು ಬಂದರು. ಅವರಿಗೆ ತತ್ತಿ ಬೇಕಿರಲಿಲ್ಲ. ಗಿಡ ತಿನ್ನುವ ಸಿಂಬಳದ ಹುಳ ಆರಿಸುವವರು ಬೇಕಿತ್ತು. ಮೂರೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಹೋದವು.

ಅವ್ವನ ಪಾಲಿನ ಲೆಕ್ಕ ತೀರಿದ್ದು ಡಿಸೆಂಬರಿನಲ್ಲಿ, ಮುಂಗಾರಿನ ಭತ್ತ ಕೊಯ್ದ ಮೇಲೆ. ಬಾತಿನವನು ಮತ್ತೆ ಬಂದ. ನಾಲ್ಕರಲ್ಲಿ ಎರಡು ನಿನ್ನವು ಅಂತ ಇವಳು ಹಿಡಿದುಕೊಟ್ಟಳು. ಇಷ್ಟು ದೊಡ್ಡ ಹಿಂಡಿಟ್ಟುಕೊಂಡವನಿಗೆ ಎರಡು ಯಾತಕ್ಕೆ ಅಂತ ಅವನು ನಕ್ಕನಂತೆ. ಅವ್ವ ಬಿಡಬೇಕಲ್ಲ. ಕೊನೆಗೆ ಒಂದು ಗಂಡು ತಗೊಂಡು, ಹತ್ತು ತತ್ತಿ ಕೈಯಲ್ಲಿಟ್ಟು ಹೋದ.

ಹೋದ ಭಾನುವಾರ ಅದೇ ಸುದ್ದಿ. ಹತ್ತು ಸಮ ಸಂಖ್ಯೆ, ಒಂದನ್ನು ಆಗಲೇ ತಿಂದಾಗಿದೆ. ಒಂಬತ್ತು ಉಸುಕಿನ ಗಡಿಗೆಯಲ್ಲಿವೆ. ಅವಳ ಹ್ಯಾಟಿ ಈಗ ಕಾವಿಗೆ ಕೂತಿಲ್ಲ. ಹೋದ ಸಲದ ಬಾನಿಯ ನೆನಪಿಗೆ ಕೂರುವುದೂ ಇಲ್ಲವೇನೋ. ಓಣಿಯಲ್ಲಿ ಯಾರ ಮನೆಯಲ್ಲಾದರೂ ಕಾವಿನ ಕೋಳಿ ಇದೆಯಾ ಅಂತ ವಿಚಾರಿಸುತ್ತಿದ್ದಾಳೆ, ಪಾಲಿಗೆ.